ಮೂಲ ಟ್ರ್ಯಾಕಿನಲ್ಲಿ ಉಳಿದ ದನಿ: ಬೀಳಗಿಯ ಅಮೀರಬಾಯಿ ಕರ್ನಾಟಕಿ

ಬಾಗಲಕೋಟೆ: ಇಂದಿನ ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ ಗಿಟಾರ್ ವಾದಕರಿಗೆ ಒಂದು ದೊಡ್ಡ ಅನುಕೂಲವಿದೆ. ಒಮ್ಮೆ ತಪ್ಪಿಲ್ಲದೆ ನುಡಿಸಿ ಮುದ್ರಿಸಿಟ್ಟರೆ ಸಾಕು. ಆ ವಾದನಕ್ಕೆ ಎಂಥ ನಾದ ಬೇಕೆಂಬುದನ್ನು ವಾರ ಕಳೆದ ಮೇಲೂ ನಿರ್ಧರಿಸಬಹುದು. ಯಾವ ಅಲಂಕಾರವೂ ಇಲ್ಲದೆ ಮುದ್ರಿಸಿದ ಸಾದಾ ಟ್ರ್ಯಾಕನ್ನು ತಂತ್ರಜ್ಞರು ಹೊರತೆಗೆಯುತ್ತಾರೆ. ಸಣ್ಣದೊಂದು ಪೆಟ್ಟಿಗೆಯ ಮೂಲಕ ಅದರ ವಿದ್ಯುತ್ ಮಟ್ಟವನ್ನು ಗಿಟಾರಿನಿಂದ ನೇರವಾಗಿ ಬರುವ ಮಟ್ಟಕ್ಕೆ ಇಳಿಸುತ್ತಾರೆ. ಬಳಿಕ ಅದನ್ನು ಪೆಡಲ್‌ಗಳಿಗೆ ಹಾಯಿಸಿ, ಆಂಪ್ಲಿಫೈಯರಿನಲ್ಲಿ ಮೊಳಗಿಸಿ, ಎದುರಿಗೆ ಮೈಕು ಇಟ್ಟು ಮತ್ತೊಮ್ಮೆ ಮುದ್ರಿಸಿಕೊಳ್ಳುತ್ತಾರೆ. ವಾದಕನು ಮನೆಯಲ್ಲಿ ನಿದ್ರಿಸುತ್ತಿದ್ದರೂ ಆತನ ಬೆರಳುಗಳು ಇಲ್ಲಿ ಹೊಸ ಹೊಸ ಬಣ್ಣಗಳಲ್ಲಿ ನುಡಿಯುತ್ತಿರುತ್ತವೆ. ರೀ-ಆಂಪಿಂಗ್ ಎಂದು ಕರೆಯಲಾಗುವ ಈ ವಿಧಾನಕ್ಕೆಂದೇ ತಯಾರಾದ ಪೆಟ್ಟಿಗೆಗಳು 1990ರ ದಶಕದಲ್ಲಿ ಮಾರುಕಟ್ಟೆಗೆ ಬಂದವು.

ಈ ವಿದ್ಯೆಗೆ ಅಲಿಖಿತ ನಿಯಮವೊಂದಿದೆ. ಎಷ್ಟು ಬಗೆಯ ನಾದ ಪ್ರಯೋಗಿಸಿದರೂ ಮೊದಲ ಸಾದಾ ಟ್ರ್ಯಾಕನ್ನು ಅಳಿಸುವಂತಿಲ್ಲ. ಅದು ಉಳಿದರೆ ಎಲ್ಲವನ್ನೂ ಮರಳಿ ಕಟ್ಟಬಹುದು. ಅಳಿದರೆ ಉಳಿಯುವುದು ಅಲಂಕಾರ ಮಾತ್ರ.

ಮುದ್ರಿತ ದನಿಯನ್ನು ಸ್ಪೀಕರಿನ ಮೂಲಕ ಮತ್ತೆ ಗಾಳಿಗೆ ಬಿಟ್ಟು, ಅದರಿಂದ ಹೊಸದೊಂದನ್ನು ಸೃಷ್ಟಿಸುವ ಉಪಾಯ ಗಿಟಾರಿನೊಂದಿಗೇ ಹುಟ್ಟಿದ್ದಲ್ಲ. ನಮ್ಮ ಚಲನಚಿತ್ರರಂಗವು ಒಂಬತ್ತು ದಶಕಗಳ ಹಿಂದೆಯೇ ಅದೇ ಉಪಾಯವನ್ನು ಬೇರೊಂದು ಉದ್ದೇಶಕ್ಕೆ ಹಿಡಿದುಕೊಂಡಿತ್ತು. ಅದರ ಹೆಸರು ಹಿನ್ನೆಲೆ ಗಾಯನ. ಆ ಯಂತ್ರವಿದ್ಯೆಯಿಂದ ದೇಶದ ಮನೆಮಾತಾಗಿ, ಅದೇ ಯಂತ್ರವಿದ್ಯೆ ಪಕ್ವವಾಗುತ್ತಿದ್ದಂತೆ ಬದಿಗೆ ಸರಿದ ಗಾಯಕಿಯೊಬ್ಬರು ಹುಟ್ಟಿದ್ದು ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ. ಅವರೇ ಅಮೀರಬಾಯಿ ಕರ್ನಾಟಕಿ.

ಹಳೆಯ ಕಲಾದಗಿ ಜಿಲ್ಲೆಯ ಮಗಳು

ಬ್ರಿಟಿಷರ ಆಳ್ವಿಕೆಯಲ್ಲಿ ಈ ಸೀಮೆಯ ಜಿಲ್ಲಾ ಕೇಂದ್ರ ಕಲಾದಗಿಯಾಗಿತ್ತು. 1880ರ ದಶಕದ ಮಧ್ಯದಲ್ಲಿ ಕಚೇರಿಗಳು ವಿಜಾಪುರಕ್ಕೆ ಸ್ಥಳಾಂತರಗೊಂಡ ಮೇಲೆ ಜಿಲ್ಲೆಯ ಹೆಸರೂ ಬದಲಾಯಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದಾಗ ಬೀಳಗಿ ಅದರ ಪಾಲಿಗೆ ಬಂತು. ಆದರೆ ಕಳೆದ ಶತಮಾನದ ಆರಂಭದ ವರ್ಷಗಳಲ್ಲಿ, ಅಮೀರಬಾಯಿ ಹುಟ್ಟಿ ಬೆಳೆದ ಕಾಲದಲ್ಲಿ, ಇದೆಲ್ಲ ಮುಂಬೈ ಪ್ರಾಂತದ ದಕ್ಷಿಣದ ಅಂಚು. ಇಲ್ಲಿಯ ಪ್ರತಿಭೆಗಳಿಗೆ ರಾಜಧಾನಿ ಎಂದರೆ ಬೆಂಗಳೂರಲ್ಲ, ಮೈಸೂರೂ ಅಲ್ಲ, ಮುಂಬೈ. ಗದಗದಿಂದ ಬಾಗಲಕೋಟೆ, ವಿಜಾಪುರ ಹಾಯ್ದು ಸೊಲ್ಲಾಪುರದ ಕಡೆಗೆ ಸಾಗುವ ರೈಲು ಹಳಿ ಕಲಾವಿದರ ಬದುಕಿನ ಹಾದಿಯೂ ಆಗಿತ್ತು.

ಸಾಧಾರಣ ಸ್ಥಿತಿಯ ಕುಟುಂಬ. ಐವರು ಅಕ್ಕತಂಗಿಯರು. ಅವರಲ್ಲಿ ಗೋಹರಬಾಯಿ ಮತ್ತು ಅಮೀರಬಾಯಿ ಇಬ್ಬರೂ ಹಾಡುಗಾರಿಕೆಯನ್ನೇ ಬದುಕಾಗಿಸಿಕೊಂಡರು. ಆ ಕಾಲದಲ್ಲಿ ಹೆಣ್ಣುಮಕ್ಕಳು ರಂಗವನ್ನೇರಿ ಹಾಡುವುದೆಂದರೆ ಸಮಾಜದ ಗೌರವವನ್ನು ಪಣಕ್ಕಿಟ್ಟಂತೆ. ಹಾಡು ಕೇಳಿ ತಲೆದೂಗಿದವರೇ ಮನೆಯ ಹೊಸ್ತಿಲಲ್ಲಿ ಮುಖ ತಿರುಗಿಸುತ್ತಿದ್ದ ದಿನಗಳವು. ಆ ಕಾಲದ ಕಲಾವಿದೆಯರು ಈ ಇಬ್ಬಗೆಯ ನಡವಳಿಕೆಯ ನಡುವೆಯೇ ತಮ್ಮ ದಾರಿಯನ್ನು ಕಂಡುಕೊಳ್ಳಬೇಕಿತ್ತು.

ಉತ್ತರ ಕರ್ನಾಟಕದಲ್ಲಿ ಆಗ ನಾಟಕ ಕಂಪನಿಗಳ ಸುಗ್ಗಿ. ಕನ್ನಡ ಕಂಪನಿಗಳೂ ಮರಾಠಿ ಸಂಗೀತ ನಾಟಕ ಮಂಡಳಿಗಳೂ ಊರಿಂದೂರಿಗೆ ಸಂಚರಿಸುತ್ತಿದ್ದವು. ರಂಗದ ಮೇಲೆ ಮೈಕು ಇರಲಿಲ್ಲ. ಪೇಟಿ, ತಬಲಾ, ಸಾರಂಗಿಗಳ ಎತ್ತರಕ್ಕೆ ಏರಿ, ತಡರಾತ್ರಿಯವರೆಗೆ ಹಾಡಿ, ಡೇರೆಯ ಕೊನೆಯ ಸಾಲಿನಲ್ಲಿ ಕುಳಿತ ರೈತನ ಕಿವಿಗೂ ಸಾಹಿತ್ಯ ಸ್ಪಷ್ಟವಾಗಿ ತಲುಪುವಂತೆ ಮಾಡಬೇಕಾಗಿತ್ತು. ಕಲಾವಿದರ ಕಂಠವೇ ಆಂಪ್ಲಿಫೈಯರ್. ಅಮೀರಬಾಯಿಯವರ ತಲೆಮಾರಿನ ಗಾಯಕಿಯರ ತುಂಬುದನಿ, ತೆರೆದ ಕಂಠ, ಅಕ್ಷರಗಳನ್ನು ಬಿಡಿಸಿ ಒತ್ತುವ ರೀತಿ ಇವೆಲ್ಲ ಈ ಅನಿವಾರ್ಯತೆಯ ಕೂಸುಗಳು.

ಗ್ರಾಮೋಫೋನಿನ ಹಾದಿ

ಮುಂಬೈಗೆ ಮೊದಲು ತೆರಳಿದವರು ಅಕ್ಕ ಗೋಹರಬಾಯಿ. ಹರೆಯದ ಅಮೀರಬಾಯಿ ಅಕ್ಕನ ಬೆನ್ನು ಹಿಡಿದರು. ಮುಂಬೈ ಕಂಪನಿಗಳು ಈ ಅಕ್ಕತಂಗಿಯರನ್ನು ಗುರುತಿಸಿದ್ದು ಕರ್ನಾಟಕಿ ಎಂಬ ಹೆಸರಿನಿಂದ. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಆ ಕಾಲದಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವುದಕ್ಕೆ ಎಷ್ಟೋ ದಶಕಗಳ ಮೊದಲು, ನಾಡಿನ ಹೆಸರು ಚಿತ್ರದ ಶೀರ್ಷಿಕೆಗಳಲ್ಲೂ ಗ್ರಾಮೋಫೋನ್ ತಟ್ಟೆಗಳ ಚೀಟಿಗಳಲ್ಲೂ ಅಚ್ಚಾಗಿ ದೇಶವೆಲ್ಲ ಸುತ್ತಿದ್ದು ಬೀಳಗಿಯ ಈ ಇಬ್ಬರು ಮುಸ್ಲಿಂ ಹೆಣ್ಣುಮಕ್ಕಳ ಮೂಲಕ ಎಂಬುದನ್ನು ನೆನೆಯಬೇಕು.

ಗೋಹರಬಾಯಿ ಮರಾಠಿ ರಂಗಭೂಮಿಯ ದಂತಕಥೆ ಬಾಲಗಂಧರ್ವರ ಗಾಯನವನ್ನು ತಟ್ಟೆಗಳಿಂದಲೇ ಕರಗತ ಮಾಡಿಕೊಂಡು, 1930ರ ದಶಕದ ಕೊನೆಯ ಭಾಗದಲ್ಲಿ ಅವರ ನಾಟಕ ಮಂಡಳಿಯನ್ನೇ ಸೇರಿದರು. ಸ್ತ್ರೀಪಾತ್ರಗಳಿಗೆ ಹೆಸರಾದ ಬಾಲಗಂಧರ್ವರ ಮಂಡಳಿಯಲ್ಲಿ ನಿಜವಾದ ಸ್ತ್ರೀಯೊಬ್ಬಳು ನಾಯಕಿಯಾದದ್ದನ್ನು ಸಹಿಸದವರು ಅನೇಕರಿದ್ದರು. ಮುಂದೆ ಅವರಿಬ್ಬರೂ ಬಾಳಸಂಗಾತಿಗಳಾದಾಗ ಆ ಅಸಹನೆ ಇನ್ನಷ್ಟು ತೀವ್ರವಾಯಿತು.

ಗ್ರಾಮೋಫೋನ್ ಕಲಾವಿದೆಯರ ಪರಂಪರೆಯಲ್ಲಿ ಕನ್ನಡ ನೆಲಕ್ಕೆ ಇನ್ನೊಂದು ನಂಟೂ ಇದೆ. 1902ರಲ್ಲಿ ಕಲ್ಕತ್ತೆಯಲ್ಲಿ ತವರದ ತುತ್ತೂರಿಯಂತಹ ಕೊಳವೆಯೊಳಗೆ ಹಾಡಿ ದೇಶದ ಮೊದಲ ಧ್ವನಿಮುದ್ರಿಕೆ ತಾರೆಯಾದ ಗೋಹರ್ ಜಾನ್ ಕೊನೆಯುಸಿರೆಳೆದದ್ದು 1930ರಲ್ಲಿ, ಮೈಸೂರಿನಲ್ಲಿ. ಆ ಹೊತ್ತಿಗೆ ತುತ್ತೂರಿಯ ಯುಗ ಮುಗಿದು ಮೈಕಿನ ಯುಗ ಆರಂಭವಾಗಿತ್ತು. ತುತ್ತೂರಿಗೆ ಕೂಗಿ ಹಾಡಬೇಕಿತ್ತು. ಮೈಕು ಪಿಸುಮಾತನ್ನೂ ಹಿಡಿಯಬಲ್ಲುದಾಗಿತ್ತು. ಈ ಎರಡರ ನಡುವಿನ ಸಂಕ್ರಮಣ ಕಾಲದಲ್ಲಿ ಅಮೀರಬಾಯಿ ಮುಂಬೈಯಲ್ಲಿ ನೆಲೆ ಕಂಡುಕೊಳ್ಳತೊಡಗಿದ್ದರು.

ಮರದ ಮರೆಯ ವಾದ್ಯವೃಂದ

1931ರಲ್ಲಿ ಆಲಂ ಆರಾ ತೆರೆಕಂಡು ಭಾರತೀಯ ಸಿನಿಮಾಕ್ಕೆ ಮಾತು ಬಂತು. ಮಾತಿಗಿಂತ ಹೆಚ್ಚಾಗಿ ಹಾಡು ಬಂತು ಎಂದರೂ ಸರಿಯೇ. ಮೊದಲ ವರ್ಷಗಳಲ್ಲಿ ಹಾಡನ್ನು ಪ್ರತ್ಯೇಕವಾಗಿ ಮುದ್ರಿಸುವ ವ್ಯವಸ್ಥೆ ಇರಲಿಲ್ಲ. ಕ್ಯಾಮೆರಾ ತಿರುಗುತ್ತಿರುವಾಗಲೇ ನಟ ನಟಿಯರು ಹಾಡಬೇಕು. ವಾದ್ಯದವರು ಮರದ ಮರೆಯಲ್ಲೋ ಪರದೆಯ ಹಿಂದೆಯೋ ಕ್ಯಾಮೆರಾ ಕಣ್ಣಿಗೆ ಬೀಳದಂತೆ ಕುಳಿತು ನುಡಿಸಬೇಕು. ಆದ್ದರಿಂದ ಹಾಡಲು ಬಾರದವರಿಗೆ ನಾಯಕಿಯ ಪಾತ್ರ ಸಿಗುವುದು ಕಷ್ಟವಿತ್ತು. ಹಾಡಬಲ್ಲ ಅಮೀರಬಾಯಿಗೆ ಚಿತ್ರರಂಗದ ಬಾಗಿಲು ತೆರೆದದ್ದೂ ಇದೇ ಕಾರಣಕ್ಕೆ. 1934ರ ವಿಷ್ಣು ಭಕ್ತಿ ಅವರ ಆರಂಭದ ಚಿತ್ರ. ಅಲ್ಲಿಂದ ಹತ್ತಿರ ಹತ್ತಿರ ಒಂದು ದಶಕ ಅವರು ನಟಿಯಾಗಿ, ಗಾಯಕಿಯಾಗಿ ದುಡಿದರು. 1940ರಲ್ಲಿ ತೆರೆಕಂಡ ನರಸಿ ಭಗತ್ ಚಿತ್ರದಲ್ಲಿ ವಿಷ್ಣುಪಂತ ಪಾಗನೀಸ್ ಮತ್ತು ದುರ್ಗಾ ಖೋಟೆ ಅವರೊಂದಿಗೆ ಕಾಣಿಸಿಕೊಂಡರು. ಹೆಸರು ಬಂತು, ಆದರೆ ತಾರಾಪಟ್ಟ ಬರಲಿಲ್ಲ.

ಇಷ್ಟರಲ್ಲಿ ತಂತ್ರ ಬದಲಾಗಿತ್ತು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆ ನಿತಿನ್ ಬೋಸ್ ಅವರ ನಿರ್ದೇಶನದ ಧೂಪ್ ಛಾಂವ್ ಚಿತ್ರದಲ್ಲಿ ಹಾಡನ್ನು ಮೊದಲೇ ಮುದ್ರಿಸಿ, ಚಿತ್ರೀಕರಣದ ವೇಳೆ ಅದನ್ನು ಸ್ಪೀಕರಿನಲ್ಲಿ ಮೊಳಗಿಸಿ, ತೆರೆಯ ಮೇಲಿನವರು ತುಟಿಯಾಡಿಸುವಂತೆ ಮಾಡಿತು. ಮುದ್ರಿತ ಟ್ರ್ಯಾಕೊಂದು ಸ್ಪೀಕರಿನ ಮೂಲಕ ಹೊರಬಂದು ಬೇರೊಬ್ಬರ ದೇಹವನ್ನು ಸೇರಿದ ಕ್ಷಣವದು. ಮೊದಮೊದಲು ಕಲಾವಿದರೇ ತಮ್ಮ ಮುದ್ರಿತ ದನಿಗೆ ತಾವೇ ತುಟಿಯಾಡಿಸುತ್ತಿದ್ದರು. ಕ್ರಮೇಣ ಮುಖ ಒಬ್ಬರದು, ದನಿ ಇನ್ನೊಬ್ಬರದು ಎಂಬ ವಿಭಜನೆ ರೂಢಿಯಾಯಿತು. ಹಾಡಲು ಬಾರದ ಚೆಲುವೆಯರಿಗೆ ಇದು ವರವಾಯಿತು. ತಾರುಣ್ಯ ದಾಟುತ್ತಿದ್ದ, ಆದರೆ ಕಂಠ ಪಕ್ವವಾಗಿದ್ದ ಅಮೀರಬಾಯಿ ಅವರಿಗೂ ವರವಾಯಿತು.

ಕಿಸ್ಮತ್ ಬದಲಿಸಿದ ಕಿಸ್ಮತ್

1943ರ ಆರಂಭದಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ ಕಿಸ್ಮತ್ ತೆರೆಕಂಡಿತು. ಗ್ಯಾನ್ ಮುಖರ್ಜಿ ನಿರ್ದೇಶನ, ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪ್ ಸಾಹಿತ್ಯ. ನಾಯಕ ಅಶೋಕ್ ಕುಮಾರ್, ನಾಯಕಿ ಮುಮ್ತಾಜ್ ಶಾಂತಿ. ನಾಯಕಿಯ ತುಟಿಗಳಿಂದ ಹೊಮ್ಮಿದ ಹಾಡುಗಳ ದನಿ ಅಮೀರಬಾಯಿ ಅವರದು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಈ ಚಿತ್ರ ಮೂರು ವರ್ಷಕ್ಕೂ ಮೀರಿ ಓಡಿತು.

ಅದರ ಜನಪ್ರಿಯತೆಗೆ ಹಾಡುಗಳೇ ಬಹುಪಾಲು ಕಾರಣ. ಮೋಡವನ್ನು ಮೆಲ್ಲಗೆ ಬರಲು ಬೇಡುವ ಜೋಗುಳದಂತಹ ಹಾಡು, ಊರೆಲ್ಲ ದೀಪಾವಳಿಯಾಗಿರುವಾಗ ತನ್ನ ಮನೆಯ ಕತ್ತಲೆಯನ್ನು ನೆನೆಯುವ ಹಾಡು, ಕೃಷ್ಣನಲ್ಲಿ ಮೊರೆಯಿಡುವ ಹಾಡು ಇವೆಲ್ಲ ಜನರ ನಾಲಗೆಯ ಮೇಲೆ ನಲಿದವು. ಖಾನ್ ಮಸ್ತಾನ ಮತ್ತು ಸಂಗಡಿಗರೊಂದಿಗೆ ಅಮೀರಬಾಯಿ ಹಾಡಿದ ದೇಶಭಕ್ತಿಯ ಗೀತೆಯಂತೂ ಚಿತ್ರಮಂದಿರಗಳಲ್ಲಿ ಮಿಂಚಿನ ಸಂಚಾರವನ್ನೇ ಉಂಟುಮಾಡಿತು. ಕ್ವಿಟ್ ಇಂಡಿಯಾ ಚಳವಳಿ ಭುಗಿಲೆದ್ದು ಇನ್ನೂ ಆರು ತಿಂಗಳೂ ಕಳೆದಿರಲಿಲ್ಲ. ಹಿಂದೂಸ್ತಾನವು ನಮ್ಮದು, ಪರಕೀಯರು ದೂರ ಸರಿಯಿರಿ ಎಂಬ ಭಾವದ ಆ ಹಾಡಿನಲ್ಲಿ ಜರ್ಮನಿ, ಜಪಾನುಗಳ ಉಲ್ಲೇಖವಿದ್ದುದರಿಂದ ಸೆನ್ಸಾರಿನ ಕತ್ತರಿಯನ್ನು ತಪ್ಪಿಸಿಕೊಂಡಿತು. ಹಾಡಿನ ನಿಜವಾದ ಗುರಿ ಯಾರೆಂಬುದು ಪ್ರೇಕ್ಷಕರಿಗೆ ತಿಳಿದಿತ್ತು. ಸರಕಾರಕ್ಕೆ ತಿಳಿಯುವ ವೇಳೆಗೆ ತಡವಾಗಿತ್ತು. ಬಂಧನದ ಭೀತಿಯಿಂದ ಪ್ರದೀಪ್ ಕೆಲಕಾಲ ತಲೆಮರೆಸಿಕೊಳ್ಳಬೇಕಾಯಿತು.

ಮುಂದಿನ ನಾಲ್ಕೈದು ವರ್ಷಗಳು ಅಮೀರಬಾಯಿ ಅವರ ಸುವರ್ಣಕಾಲ. 1944ರ ರತನ್ ಚಿತ್ರದಲ್ಲಿ ನೌಶಾದ್ ಅವರ ಸಂಗೀತಕ್ಕೆ, 1947ರ ಶಹನಾಯಿ ಚಿತ್ರದಲ್ಲಿ ಸಿ. ರಾಮಚಂದ್ರ ಅವರ ಸಂಗೀತಕ್ಕೆ ಹಾಡಿದರು. 1944ರ ಭರ್ತೃಹರಿ ಚಿತ್ರದಲ್ಲಿ ಸುರೇಂದ್ರ ಅವರೊಂದಿಗಿನ ಯುಗಳಗೀತೆ ಅಪಾರ ಜನಪ್ರಿಯವಾಯಿತು. 1946ರಲ್ಲಿ ಬಂದ ಗುಜರಾತಿ ಚಿತ್ರ ರಾಣಕದೇವಿಯಲ್ಲಿ ಅವರು ಹಾಡಿದ, ತನ್ನ ಹಳ್ಳಿಗೊಮ್ಮೆ ಬರಲು ಆಹ್ವಾನಿಸುವ ಗೀತೆ ಗುಜರಾತಿನ ಮನೆಮನೆಯ ಹಾಡಾಯಿತು. ಇತರ ಗಾಯಕಿಯರಿಗೆ ಹಾಡೊಂದಕ್ಕೆ ಐನೂರು ರೂಪಾಯಿ ಸಿಗುತ್ತಿದ್ದಾಗ ಅಮೀರಬಾಯಿ ಅವರಿಗೆ ಸಾವಿರ ರೂಪಾಯಿ ಸಲ್ಲುತ್ತಿತ್ತೆಂದು ಅಂದಿನ ಫಿಲ್ಮ್ ಇಂಡಿಯಾ ಪತ್ರಿಕೆಯ ಸಂಪಾದಕ ಬಾಬುರಾವ್ ಪಟೇಲ್ ಬರೆದಿದ್ದರೆಂದು ಉಲ್ಲೇಖವಿದೆ. ಕನ್ನಡ ಕೋಗಿಲೆ ಎಂಬ ಬಿರುದು ಅವರ ಹೆಸರಿನೊಂದಿಗೆ ಸೇರಿಕೊಂಡಿತು. 1948ರಲ್ಲಿ ಶಹನಾಜ್ ಎಂಬ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನ ಮಾಡಿದರು. ಬಾಂಬೆ ಟಾಕೀಸಿನ ಸರಸ್ವತಿ ದೇವಿಯಂತಹ ಕೆಲವೇ ಮಹಿಳೆಯರು ಕುಳಿತಿದ್ದ ಪೀಠವದು.

ತಪ್ಪಿದರೆ ಮೊದಲಿನಿಂದ

ಈ ಹಾಡುಗಳು ಮುದ್ರಣಗೊಂಡ ಬಗೆಯನ್ನು ಇಂದಿನ ಕಲಾವಿದರು ಊಹಿಸಿಕೊಳ್ಳುವುದೂ ಕಷ್ಟ. ಮೈಕು ಹಿಡಿದ ದನಿ ವಾಲ್ವ್ ಆಂಪ್ಲಿಫೈಯರಿನಲ್ಲಿ ಹಿಗ್ಗಿ, ಬೆಳಕಿನ ಕಿರಣವಾಗಿ ಮಾರ್ಪಟ್ಟು, ಫಿಲ್ಮಿನ ಅಂಚಿನ ಮೇಲೆ ಗೆರೆಗಳಾಗಿ ಮೂಡುತ್ತಿತ್ತು. ಆ ಫಿಲ್ಮನ್ನು ಪ್ರಯೋಗಾಲಯದಲ್ಲಿ ತೊಳೆದು ಒಣಗಿಸುವವರೆಗೆ ಹಾಡು ಹೇಗೆ ಬಂದಿದೆ ಎಂಬುದನ್ನು ಯಾರೂ ಕೇಳುವಂತಿರಲಿಲ್ಲ. ಟೇಪು ನಮ್ಮ ಸ್ಟುಡಿಯೋಗಳಿಗೆ ಬಂದದ್ದು ಆ ನಂತರ, 1950ರ ದಶಕದಲ್ಲಿ.

ಗಾಯಕಿಗೊಂದು, ತಬಲಾಗೊಂದು, ಪಿಟೀಲಿಗೊಂದು ಎಂದು ಪ್ರತ್ಯೇಕ ಟ್ರ್ಯಾಕುಗಳಿರಲಿಲ್ಲ. ಎಲ್ಲವೂ ಒಂದೇ ಟ್ರ್ಯಾಕು. ದನಿಗಳ ಹದವನ್ನು ನಿರ್ಧರಿಸುತ್ತಿದ್ದುದು ಗುಂಡಿಗಳಲ್ಲ, ಕುಳಿತ ಜಾಗ. ಗಾಯಕಿ ಮೈಕಿನ ಸಮೀಪ, ಸಾರಂಗಿ ಸ್ವಲ್ಪ ಹಿಂದೆ, ತಾಳವಾದ್ಯ ಇನ್ನೂ ದೂರ. ಹೊರಗಿನ ಸದ್ದನ್ನು ತಡೆಯುವ ಗೋಡೆಗಳು ಎಲ್ಲೆಡೆ ಇಲ್ಲದ್ದರಿಂದ ಊರು ಮಲಗಿದ ಮೇಲೆ, ಫ್ಯಾನು ಆರಿಸಿ ಮುದ್ರಣ ನಡೆಸುವುದೂ ಉಂಟಿತ್ತು. ಮೂರನೆಯ ನಿಮಿಷದಲ್ಲಿ ವಾದಕನೊಬ್ಬನ ಬೆರಳು ಜಾರಿದರೂ ಎಲ್ಲರೂ ಮತ್ತೆ ಮೊದಲಿನಿಂದ ಆರಂಭಿಸಬೇಕು. ಗ್ರಾಮೋಫೋನ್ ತಟ್ಟೆಗಾಗಿ ಅದೇ ಹಾಡನ್ನು ಬೇರೆಯಾಗಿ ಮತ್ತೊಮ್ಮೆ ಹಾಡಬೇಕಾದ ಸಂದರ್ಭಗಳೂ ಇದ್ದವು. ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು, ಮೂರೂವರೆ ನಿಮಿಷ. ನಾಟಕದಲ್ಲಿ ಒಂದೇ ಪದವನ್ನು ಅರ್ಧ ತಾಸು ವಿಸ್ತರಿಸಬಲ್ಲ ಕಲಾವಿದರು ಅಷ್ಟರೊಳಗೆ ತಮ್ಮ ಇಡೀ ವಿದ್ಯೆಯನ್ನು ಹಿಡಿದಿಡಬೇಕಿತ್ತು.

ನಾದಕ್ಕೆ ಬಣ್ಣ ಬಳಿಯುವ ಸಾಧನಗಳೂ ಆಗ ಇರಲಿಲ್ಲ. ಗಿಟಾರಿನ ದನಿಯನ್ನು ಒರಟಾಗಿಸುವ ಫಜ್ ಪೆಡಲ್ ಮಾರುಕಟ್ಟೆಗೆ ಬಂದದ್ದು 1962ರಲ್ಲಿ. ಮುದ್ರಿತ ದನಿಯನ್ನು ಸ್ಪೀಕರಿನಿಂದ ಖಾಲಿ ಕೋಣೆಯೊಂದಕ್ಕೆ ಬಿಟ್ಟು, ಅಲ್ಲಿನ ಪ್ರತಿಧ್ವನಿಯನ್ನು ಮೈಕಿನಿಂದ ಮರಳಿ ಹಿಡಿಯುವ ಪ್ರಯೋಗವು 1947ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಬಿಲ್ ಪಟ್ನಂ ಎಂಬ ತಂತ್ರಜ್ಞರಿಂದ ಪ್ರಸಿದ್ಧವಾಯಿತು. ಅದಕ್ಕೆ ಅವರು ಬಳಸಿದ್ದು ಸ್ಟುಡಿಯೋದ ಸ್ನಾನಗೃಹವನ್ನು. ಇಂದಿನ ರೀ-ಆಂಪಿಂಗಿನ ಹಿರಿಯ ಸಂಬಂಧಿಯದು. ಮುಂಬೈಯಲ್ಲಿ ಅದೇ ಹೊತ್ತಿಗೆ ಪ್ರತಿಧ್ವನಿಯ ಕೆಲಸವನ್ನೂ ಕಲಾವಿದರ ದೇಹವೇ ಮಾಡುತ್ತಿತ್ತು. 1949ರ ಮಹಲ್ ಚಿತ್ರದ ಹಾಡಿಗಾಗಿ ಲತಾ ಮಂಗೇಶ್ಕರ್ ದೂರದಿಂದ ಹಾಡುತ್ತಾ ಮೈಕಿನೆಡೆಗೆ ಹೆಜ್ಜೆಯಿಟ್ಟು ಬಂದು, ದನಿ ಸಮೀಪಿಸುವ ಅನುಭವ ಮೂಡಿಸಿದರೆಂಬುದು ಪ್ರಸಿದ್ಧ ಸಂಗತಿ.

ಸರಿದುಹೋದ ಸಿಂಹಾಸನ

ಆ ಹೆಜ್ಜೆಗಳು ಮೈಕಿನತ್ತ ಮಾತ್ರ ಬರುತ್ತಿರಲಿಲ್ಲ; ಒಂದು ಯುಗದತ್ತ ಬರುತ್ತಿದ್ದವು. ಮಹಲ್, ಬರಸಾತ್, ಅಂದಾಜ್ ಮೂರೂ ತೆರೆಕಂಡ 1949, ಹಿಂದಿ ಚಿತ್ರಗೀತೆಯ ಕಂಠವನ್ನೇ ಬದಲಿಸಿದ ವರ್ಷ. ಮೈಕು ಸೂಕ್ಷ್ಮವಾದಂತೆ, ವಾದ್ಯವೃಂದ ದೊಡ್ಡದಾದಂತೆ, ಅದರ ನಡುವಿನಿಂದ ಸೂಜಿಯ ಮೊನೆಯಂತೆ ತೂರಿಬರುವ ತೆಳುವಾದ ಎತ್ತರದ ದನಿ ಸಂಗೀತ ನಿರ್ದೇಶಕರ ಆಯ್ಕೆಯಾಯಿತು. ಡೇರೆಯ ಕೊನೆಯ ಸಾಲನ್ನು ಮುಟ್ಟಲು ಬೆಳೆದ ತುಂಬುಕಂಠಗಳು ಹಳೆಯವು ಎನಿಸತೊಡಗಿದವು. ಅಮೀರಬಾಯಿ ಮಾತ್ರವಲ್ಲ, ಅವರ ಸಮಕಾಲೀನೆ ಜೊಹ್ರಾಬಾಯಿ ಅಂಬಾಲೆವಾಲಿ ಅವರ ಪಾಡೂ ಇದೇ ಆಯಿತು. ದೇಶ ವಿಭಜನೆಯಾಗಿ ನೂರ್ ಜಹಾನ್ ಪಾಕಿಸ್ತಾನಕ್ಕೆ ತೆರಳಿದ್ದರು. ಹಳೆಯ ದನಿಗಳ ಕಾಲ ಎರಡು ಮೂರು ವರ್ಷಗಳ ಅಂತರದಲ್ಲಿ ಮುಗಿದುಹೋಯಿತು.

ಇದರಲ್ಲಿ ಯಾರದೂ ಕುತಂತ್ರವನ್ನು ಹುಡುಕಬೇಕಾಗಿಲ್ಲ. ಲತಾ ಅವರ ಪ್ರತಿಭೆ ಪ್ರಶ್ನಾತೀತ. ಆದರೆ ಅಮೀರಬಾಯಿ ಸೋತದ್ದು ಸಂಗೀತದಲ್ಲಿ ಅಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಯಂತ್ರದ ಕಿವಿ ಬದಲಾಯಿತು. ಅದರೊಂದಿಗೆ ಜನರ ಕಿವಿಯೂ ಬದಲಾಯಿತು.

ಹಿನ್ನೆಲೆ ಗಾಯಕರಿಗೆ ಅಂದು ಹೆಸರಿನ ಭದ್ರತೆಯೂ ಇರಲಿಲ್ಲ. ಮಹಲ್ ಚಿತ್ರದ ತಟ್ಟೆಯ ಮೇಲೂ ಮೊದಲು ಅಚ್ಚಾದದ್ದು ಗಾಯಕಿಯ ಹೆಸರಲ್ಲ, ಪಾತ್ರದ ಹೆಸರಾದ ಕಾಮಿನಿ. ಹಾಡಿದವರು ಯಾರೆಂದು ಶ್ರೋತೃಗಳು ಆಕಾಶವಾಣಿಗೆ ಬರೆದು ಕೇಳಬೇಕಾಯಿತು. ಅಂತಹ ವ್ಯವಸ್ಥೆಯಲ್ಲಿ ಹೊಸ ಹಾಡು ನಿಂತರೆ ಹೆಸರೂ ನಿಂತಂತೆಯೇ. ಹಾಡುಗಳು ಕಡಿಮೆಯಾದಾಗ ಅಮೀರಬಾಯಿ ಕೈಕಟ್ಟಿ ಕೂರಲಿಲ್ಲ. ಮತ್ತೆ ಬಣ್ಣ ಹಚ್ಚಿದರು. ಒಂದು ಕಾಲದಲ್ಲಿ ನಾಯಕಿಯರಿಗೆ ದನಿ ಕೊಟ್ಟವರು ಈಗ ಪೋಷಕ ಪಾತ್ರಗಳಲ್ಲಿ ಕಾಣಿಸಿಕೊಂಡರು. ಅದನ್ನು ಇಳಿಜಾರು ಎನ್ನುವುದು ಸುಲಭ. ದುಡಿದು ಬದುಕುವ ಕಲಾವಿದೆಯ ಛಲ ಎನ್ನುವುದು ಹೆಚ್ಚು ನ್ಯಾಯ.

ಖಾಸಗಿ ಬದುಕೂ ಮೃದುವಾಗಿರಲಿಲ್ಲ. ಖಳಪಾತ್ರಗಳಿಗೆ ಹೆಸರಾದ ನಟ ಹಿಮಾಲಯವಾಲಾ ಅವರೊಂದಿಗಿನ ವಿವಾಹ ಸುಖ ತರಲಿಲ್ಲ. ಅದು ವಿಚ್ಛೇದನದಲ್ಲಿ ಕೊನೆಗೊಂಡಿತು. ಮುಂದೆ ಪಾರಸ್ ಪತ್ರಿಕೆಯ ಸಂಪಾದಕ ಬದ್ರಿ ಕಾಂಚ್‌ವಾಲಾ ಅವರನ್ನು ವರಿಸಿದರು. ಈ ಎರಡನೆಯ ದಾಂಪತ್ಯದಲ್ಲಿ ನೆಮ್ಮದಿ ಕಂಡರು.

ಊರಿನ ಋಣ

ಮುಂಬೈ ಕೊಟ್ಟ ಹಣದಲ್ಲಿ ಅಮೀರಬಾಯಿ ತವರು ಜಿಲ್ಲೆಗೆ ಮರಳಿ ಕೊಟ್ಟದ್ದು ಒಂದು ಚಿತ್ರಮಂದಿರವನ್ನು. ವಿಜಾಪುರ ನಗರದಲ್ಲಿ ಅವರು ಕಟ್ಟಿಸಿದ ಅಮೀರ್ ಟಾಕೀಸ್ ಆ ಭಾಗದ ಹಲವು ತಲೆಮಾರುಗಳ ನೆನಪಿನಲ್ಲಿ ಬೆರೆತ ಹೆಸರು. ತನ್ನ ಹಾಡುಗಳನ್ನು ತನ್ನ ಜನರೇ ಕೇಳುವಂತೆ ಗಾಯಕಿಯೊಬ್ಬಳು ತನ್ನ ದುಡಿಮೆಯಿಂದ ಸ್ಪೀಕರು, ತೆರೆ, ಸೂರು ಎಲ್ಲವನ್ನೂ ಕಟ್ಟಿಕೊಟ್ಟ ಉದಾಹರಣೆ ನಾಡಿನಲ್ಲಿ ಅಪರೂಪ. ದನಿಯನ್ನು ಬೇರೆಯವರ ಮುಖಕ್ಕೆ ಕೊಟ್ಟವರು, ಹೆಸರನ್ನು ಮಾತ್ರ ತಮ್ಮ ಊರ ಸೀಮೆಯ ಕಟ್ಟಡದ ಹಣೆಯ ಮೇಲೆ ಬರೆಸಿದರು.

1965ರಲ್ಲಿ ಅವರು ಪಾರ್ಶ್ವವಾಯುವಿಗೆ ತುತ್ತಾದರು. ಕೆಲವೇ ದಿನಗಳಲ್ಲಿ, ಮಾರ್ಚ್ 3ರಂದು ನಿಧನರಾದರು. ಅವರ ಅಂತ್ಯಕ್ರಿಯೆ ವಿಜಾಪುರದಲ್ಲಿ ನೆರವೇರಿತು. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ ತೆರೆಕಂಡದ್ದೂ ಮಾರ್ಚ್ 3ರಂದೇ, 1934ರಲ್ಲಿ ಎಂಬುದು ಕಾಕತಾಳೀಯ. ಬದುಕಿನುದ್ದಕ್ಕೂ ಕರ್ನಾಟಕಿ ಎಂಬ ಹೆಸರನ್ನು ಹೊತ್ತವರು ಅಸುನೀಗಿದಾಗ ರಾಜ್ಯದ ಹೆಸರು ಇನ್ನೂ ಮೈಸೂರು ಎಂದೇ ಇತ್ತು. ಕರ್ನಾಟಕ ಎಂಬ ನಾಮಕರಣವಾದದ್ದು 1973ರಲ್ಲಿ. ಬಹುಕಾಲ ಮರೆವಿನಲ್ಲಿದ್ದ ಈ ಬದುಕನ್ನು ವಿದ್ವಾಂಸ ರಹಮತ್ ತರೀಕೆರೆ ಅವರು ಪುಸ್ತಕರೂಪದಲ್ಲಿ ಕನ್ನಡಿಗರ ಮುಂದಿಟ್ಟರು.

ಅಳಿಸಬಾರದ ಮೂಲ

ಈಗ ಅಮೀರಬಾಯಿ ಅವರ ಹಾಡುಗಳಿಗೆ ಮತ್ತೊಂದು ಯಂತ್ರಯುಗ ಎದುರಾಗಿದೆ. ಹಳೆಯ ತಟ್ಟೆಗಳ ಚಿಟಪಟ ಸದ್ದನ್ನು ತೆಗೆದು, ಗೊರಗೊರವನ್ನು ಇಳಿಸಿ, ಪ್ರತಿಧ್ವನಿ ಸೇರಿಸಿ ಹೊಸ ರೂಪದಲ್ಲಿ ಬಿಡುಗಡೆ ಮಾಡುವುದು ಎಂದೋ ಆರಂಭವಾಗಿದೆ. ಒಂದೇ ಟ್ರ್ಯಾಕಿನಲ್ಲಿ ಬೆರೆತುಹೋದ ಕಂಠವನ್ನು ವಾದ್ಯಗಳಿಂದ ಬಿಡಿಸಿ ತೆಗೆಯುವುದು ದಶಕದ ಹಿಂದೆ ಅಸಾಧ್ಯವೆನಿಸಿತ್ತು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಅದನ್ನೂ ಸಾಧ್ಯವಾಗಿಸಿವೆ. 1980ರಲ್ಲಿ ಹತ್ಯೆಗೀಡಾದ ಜಾನ್ ಲೆನನ್ ಅವರ ದನಿಯನ್ನು ಹಳೆಯ ಕ್ಯಾಸೆಟ್ಟೊಂದರಿಂದ ಹೀಗೆ ಬಿಡಿಸಿಕೊಂಡು 2023ರಲ್ಲಿ ಬೀಟಲ್ಸ್ ತಂಡದ ಹೊಸ ಹಾಡೊಂದು ಹೊರಬಂದದ್ದು ಜಗತ್ತಿಗೇ ತಿಳಿದಿದೆ. ನಾಳೆ ಯಾರಾದರೂ ಅಮೀರಬಾಯಿ ಅವರ ಕಂಠವನ್ನು ಬೇರ್ಪಡಿಸಿ, ಅದನ್ನು ಪೆಡಲ್‌ಗಳಿಗೂ ಆಂಪ್ಲಿಫೈಯರಿಗೂ ಹಾಯಿಸಿ, ಹೊಸ ತಾಳಕ್ಕೆ ಕೂರಿಸಿದರೆ ಅಚ್ಚರಿಪಡಬೇಕಾಗಿಲ್ಲ.

ಇದನ್ನು ಮಡಿವಂತಿಕೆಯಿಂದ ವಿರೋಧಿಸುವುದು ಸರಿಯಲ್ಲ. ತನ್ನ ದನಿಯನ್ನು ಸ್ಪೀಕರಿಗೆ, ಪರರ ತುಟಿಗೆ ಒಪ್ಪಿಸಿಯೇ ಬೆಳೆದ ಕಲಾವಿದೆಯ ಹಾಡು ಹೊಸ ಕಿವಿಗಳನ್ನು ಮುಟ್ಟುವುದಾದರೆ ಮುಟ್ಟಲಿ. ಆದರೆ ಗಿಟಾರ್ ತಂತ್ರಜ್ಞರು ಪಾಲಿಸುವ ಆ ಅಲಿಖಿತ ನಿಯಮ ಇಲ್ಲಿಯೂ ಅನ್ವಯಿಸಬೇಕು: ಮೂಲ ಟ್ರ್ಯಾಕು ಅಳಿಯಬಾರದು. ಗೊರಗೊರವನ್ನು ಒರೆಸುವ ಯಂತ್ರ ಅಜಾಗರೂಕವಾದರೆ ಉಸಿರನ್ನೂ ಒರೆಸುತ್ತದೆ, ಅಕ್ಷರದ ಅಂಚನ್ನೂ ಸವೆಸುತ್ತದೆ. ಡೇರೆಯ ಕೊನೆಯ ಸಾಲಿಗಾಗಿ ತಿದ್ದಿದ ಒತ್ತು, ಮೈಕಿನಿಂದ ಅಳೆದು ಕುಳಿತ ದೂರ, ಒಂದೇ ಯತ್ನದಲ್ಲಿ ಮುಗಿಸಬೇಕಾದ ಎಚ್ಚರ ಇವೆಲ್ಲ ಆ ಒಂದೇ ಟ್ರ್ಯಾಕಿನ ಒರಟುತನದಲ್ಲಿಯೇ ಅಡಗಿವೆ.

ಈ ಆತಂಕ ಕಾರಣವಿಲ್ಲದ್ದಲ್ಲ. ದೇಶದ ಮೊದಲ ವಾಕ್ಚಿತ್ರ ಆಲಂ ಆರಾದ ಪ್ರತಿ ಉಳಿದಿಲ್ಲ. ಕನ್ನಡದ ಸತಿ ಸುಲೋಚನಾದ ಪ್ರತಿಯೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಅಮೀರಬಾಯಿ ಅವರ ನಿಧನದ ಹಿಂದಿನ ವರ್ಷ. ಅಷ್ಟರೊಳಗೆ ಎಷ್ಟೋ ಚಿತ್ರಗಳ ಫಿಲ್ಮು ಕೊಳೆತು, ಸುಟ್ಟು, ಬೆಳ್ಳಿಯಂಶಕ್ಕಾಗಿ ಕರಗಿ ನಾಶವಾಗಿತ್ತು. ಉಳಿದದ್ದರಲ್ಲಿ ಬಹುಪಾಲನ್ನು ಕಾಪಾಡಿದವರು ತಟ್ಟೆಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡ ಸಾಮಾನ್ಯ ರಸಿಕರು. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಧಾರವಾಡದ ಹಳೆಯ ಮನೆಗಳ ಅಟ್ಟದಲ್ಲಿ ಅಂತಹ ತಟ್ಟೆಗಳು ಇಂದಿಗೂ ಇದ್ದರೆ, ಅವುಗಳ ದನಿಯನ್ನು ಯಾವ ಸಂಸ್ಕರಣೆಯೂ ಇಲ್ಲದೆ ಮೊದಲು ದಾಖಲಿಸಿಡುವುದು ನಾಡಿನ ಸಂಸ್ಥೆಗಳಿಗೆ ದೊಡ್ಡ ಖರ್ಚಿನ ಕೆಲಸವೇನಲ್ಲ. ಬಣ್ಣ ಬಳಿಯುವ ಕೆಲಸ ಆಮೇಲೆ ಎಂದಾದರೂ ನಡೆಯಬಹುದು.

ಬೀಳಗಿಯಿಂದ ಹೊರಟ ದನಿಯೊಂದು ಮೈಕು, ವಾಲ್ವು, ಬೆಳಕು, ಫಿಲ್ಮು, ಅರಗಿನ ತಟ್ಟೆ, ಟೇಪುಗಳನ್ನು ದಾಟಿ ಇಂದು ಕಿಸೆಯೊಳಗಿನ ಮೊಬೈಲಿಗೆ ಬಂದು ತಲುಪಿದೆ. ಓದುಗರು ಇಂದು ರಾತ್ರ ಬಿಡುವಾದಾಗ ಕಿಸ್ಮತ್ ಚಿತ್ರದ ಹಾಡೊಂದನ್ನು, ಅದರ ಗೊರಗೊರದ ಸಮೇತ, ಕೇಳಿ ನೋಡಬಹುದು. ತೆರೆಯ ಮೇಲಿನ ಮುಖ ಮುಮ್ತಾಜ್ ಶಾಂತಿ ಅವರದು. ದನಿ ನಮ್ಮೂರಿನವರದು.